ಕಾವಲು ಮತ್ತು ಸಂಶಯ: ಅಮೆರಿಕದ ಭಯೋತ್ಪಾದನಾ ವಿರೋಧಿ ಸಮರದ ಪಾಠಗಳು

2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ನ್ಯೂಯಾರ್ಕಿನ ಇಪ್ಪತ್ತಮೂರು ವರ್ಷದ ಯುವಕನೊಬ್ಬ ಕೆಲಸಕ್ಕೆಂದು ಮನೆಯಿಂದ ಹೊರಟ. ಅವನ ಹೆಸರು ಮುಹಮ್ಮದ್ ಸಲ್ಮಾನ್ ಹಮ್‌ದಾನಿ. ಕರಾಚಿಯಲ್ಲಿ ಹುಟ್ಟಿ ಕೂಸಾಗಿದ್ದಾಗಲೇ ತಂದೆತಾಯಿಯ ಜೊತೆ ಅಮೆರಿಕಕ್ಕೆ ಬಂದವನು. ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ, ಪೊಲೀಸ್ ಕೆಡೆಟ್ ಆಗಿದ್ದ, ಪ್ರಥಮ ಚಿಕಿತ್ಸೆಯ ತರಬೇತಿಯನ್ನೂ ಪಡೆದಿದ್ದ. ಆ ಸಂಜೆ ಅವನು ಮನೆಗೆ ಮರಳಲಿಲ್ಲ.

ಮಗ ಎಲ್ಲಿ ಎಂದು ತಂದೆತಾಯಿ ಹುಡುಕುತ್ತಿದ್ದಾಗ ಅಧಿಕಾರಿಗಳು ಬಂದು ಅವನ ಬಗ್ಗೆ ಪ್ರಶ್ನೆ ಕೇಳಿದರು. ಅವನು ಕಾಣೆಯಾಗಿದ್ದಾನೋ ತಲೆಮರೆಸಿಕೊಂಡಿದ್ದಾನೋ ಎಂದು ಪತ್ರಿಕೆಯೊಂದು ಸಂಶಯದಿಂದ ಬರೆಯಿತು. ಅದೇ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಸಂಸತ್ತು ‘ಪೇಟ್ರಿಯಟ್ ಕಾಯ್ದೆ’ಯನ್ನು ಅಂಗೀಕರಿಸಿತು. ಆ ಕಾಯ್ದೆಯ ಆರಂಭದಲ್ಲೇ, ಅರಬ್ ಮತ್ತು ಮುಸ್ಲಿಂ ಅಮೆರಿಕನ್ನರ ಮೇಲೆ ತಾರತಮ್ಯ ಸಲ್ಲದು ಎನ್ನುವ ಭಾಗದಲ್ಲಿ, ರಕ್ಷಣಾ ಕಾರ್ಯಕ್ಕೆ ಧಾವಿಸಿದ ವೀರನೆಂದು ಇದೇ ಸಲ್ಮಾನನ ಹೆಸರಿದೆ. ಒಂದೇ ಹೆಸರು ಒಂದು ಕಡೆ ವೀರರ ಪಟ್ಟಿಯಲ್ಲಿ, ಇನ್ನೊಂದು ಕಡೆ ಶಂಕಿತರ ಪಟ್ಟಿಯಲ್ಲಿ! ಮಗ ಯಾವುದಾದರೂ ಜೈಲಿನಲ್ಲಾದರೂ ಜೀವಂತವಾಗಿರಲಿ ಎಂದು ಅವನ ತಾಯಿ ಹಾರೈಸುತ್ತಿದ್ದರು. 2002ರ ಮಾರ್ಚ್‌ನಲ್ಲಿ ಕುಸಿದ ಗೋಪುರಗಳ ಅವಶೇಷಗಳಡಿ ದೊರೆತ ಅವನ ಗುರುತು ಖಚಿತವಾಯಿತು. ಬೇರೆಯವರನ್ನು ಉಳಿಸಲು ಹೋಗಿ ಅವನು ಪ್ರಾಣ ಕೊಟ್ಟಿದ್ದ.

ನಾವು ಉರ್ದುವಿನಲ್ಲಿ ಅಕ್ಷರ ಕಲಿತು ಕನ್ನಡದಲ್ಲಿ ಕಥೆ ಬರೆಯುವವರು. ಚರಿತ್ರೆಯನ್ನು ಓದುವಾಗಲೂ ನಮ್ಮ ಕಣ್ಣು ಮೊದಲು ಹುಡುಕುವುದು ಮನುಷ್ಯರನ್ನೇ. ಜಗತ್ತಿನ ಅತಿ ಬಲಿಷ್ಠ ರಾಷ್ಟ್ರವೊಂದು ತನ್ನ ಭದ್ರತೆಗಾಗಿ ಎರಡು ದಶಕಗಳ ಕಾಲ ನಡೆಸಿದ ಸಮರದ ಕಥೆಯನ್ನು ಸಲ್ಮಾನನಿಂದ ಆರಂಭಿಸಲು ಕಾರಣವೂ ಇದೇ. ಯಾವುದೇ ದೇಶಕ್ಕೆ ತನ್ನ ಪ್ರಜೆಗಳನ್ನು ಕಾಯುವ ಹಕ್ಕಿದೆ, ಹೊಣೆಯೂ ಇದೆ. ಆ ದಿನ ಸತ್ತ 2,977 ಜನ ನಿರಪರಾಧಿಗಳು. ಅವರಲ್ಲಿ ಮುಸ್ಲಿಮರೂ ಇದ್ದರು. ಅವರನ್ನು ಕೊಂದದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಪ್ರಶ್ನೆ ಇರುವುದು, ಕಾಯುವ ಕೆಲಸ ಹೇಗೆ ನಡೆಯಬೇಕು ಎಂಬುದರಲ್ಲಿ.

ಹಳೆಯ ರೋಗ

ಭಯದ ಹೊತ್ತಿನಲ್ಲಿ ತನ್ನವರನ್ನೇ ಸಂಶಯಿಸುವ ರೋಗ ಅಮೆರಿಕಕ್ಕೆ 2001ರಲ್ಲಿ ಅಂಟಿದ್ದಲ್ಲ. 1919ರಲ್ಲಿ ಅಲ್ಲಿ ಅರಾಜಕತಾವಾದಿಗಳು ಬಾಂಬ್ ದಾಳಿಗಳನ್ನು ನಡೆಸಿದರು. ಅಟಾರ್ನಿ ಜನರಲ್ ಮಿಚೆಲ್ ಪಾಮರ್ ಅವರ ಮನೆಯ ಮೇಲೂ ದಾಳಿಯಾಯಿತು. ಸರಕಾರ ಸಾವಿರಾರು ವಲಸಿಗರನ್ನು ರಾತ್ರೋರಾತ್ರಿ ಹಿಡಿದು ಹಾಕಿತು. ಅವರಲ್ಲಿ ಬಹುತೇಕರಿಗೂ ಬಾಂಬಿಗೂ ಯಾವ ಸಂಬಂಧವೂ ಇರಲಿಲ್ಲ.

1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದಾಗ ಇದು ಇನ್ನೂ ದೊಡ್ಡ ರೂಪ ತಾಳಿತು. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಒಂದು ಆದೇಶದಿಂದ ಸುಮಾರು 1,20,000 ಜಪಾನೀ ಮೂಲದ ಜನರನ್ನು ಮನೆಮಠ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಅಮೆರಿಕದ ಪ್ರಜೆಗಳೇ. ಫ್ರೆಡ್ ಕೊರೆಮಾತ್ಸು ಎಂಬ ಯುವಕ ಇದನ್ನು ಸುಪ್ರೀಂ ಕೋರ್ಟಿನವರೆಗೂ ಒಯ್ದ. 1944ರಲ್ಲಿ ನ್ಯಾಯಾಲಯ ಸರಕಾರದ ಪರವಾಗಿಯೇ ತೀರ್ಪು ನೀಡಿತು. 1988ರಲ್ಲಿ ದೇಶ ಕ್ಷಮೆ ಕೇಳಿತು, ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ಕೊಡಲು ಕಾಯ್ದೆ ಮಾಡಿತು. ತಪ್ಪು ಒಪ್ಪಿಕೊಳ್ಳಲು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಆದರೂ ಒಪ್ಪಿಕೊಂಡರಲ್ಲ, ಅದು ದೊಡ್ಡದು. ಮುಂದೆ ಗ್ವಾಂಟನಾಮೊ ಕೈದಿಗಳ ಪ್ರಕರಣ ಅದೇ ಸುಪ್ರೀಂ ಕೋರ್ಟಿಗೆ ಬಂದಾಗ, ವೃದ್ಧ ಕೊರೆಮಾತ್ಸು ಆ ಅಪರಿಚಿತ ಮುಸ್ಲಿಂ ಕೈದಿಗಳ ಪರವಾಗಿ ನ್ಯಾಯಾಲಯಕ್ಕೆ ಮನವಿ ಸಲ್ಲಿಸಿದರು. ನೊಂದವರ ನೋವು ನೊಂದವರಿಗೇ ಗೊತ್ತು.

ಒಂದು ಪದದ ಪ್ರಯಾಣ

ನಾವು ಶಾಲೆಯಲ್ಲಿ ಉರ್ದು ಕಲಿಯುವಾಗ ‘ಜಿದ್ದೋಜಹದ್’ ಎಂಬ ಪದವನ್ನು ದಿನವೂ ಬಳಸುತ್ತಿದ್ದೆವು. ಪ್ರಯತ್ನ, ಹೋರಾಟ ಎಂದು ಅದರ ಅರ್ಥ. ಭಾರತದ ಸ್ವಾತಂತ್ರ್ಯ ಹೋರಾಟಕ್ಕೂ ಉರ್ದುವಿನಲ್ಲಿ ಅದೇ ಪದ. ಜಿಹಾದ್, ಮುಜಾಹಿದ್ ಎಂಬ ಪದಗಳೂ ಅದೇ ಬೇರಿನವು. ಭಯೋತ್ಪಾದನೆಗೆ ಉರ್ದುವಿನಲ್ಲಿ ಬೇರೆಯೇ ಪದವಿದೆ: ‘ದಹಶತ್‌ಗರ್ದಿ’. ಈ ಎರಡರ ನಡುವಿನ ಗೆರೆಯನ್ನು ಅಳಿಸಿದ್ದು ಯಾರು?

ಇದರ ಉತ್ತರ ಅಫ್ಘಾನಿಸ್ತಾನದಲ್ಲಿದೆ. 1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಅಲ್ಲಿಗೆ ನುಗ್ಗಿತು. ಅದಕ್ಕೆ ಮೊದಲೇ, ಅದೇ ವರ್ಷದ ಜುಲೈನಲ್ಲಿ, ಅಧ್ಯಕ್ಷ ಕಾರ್ಟರ್ ಅಫ್ಘಾನ್ ಬಂಡಾಯಗಾರರಿಗೆ ಗುಟ್ಟಾಗಿ ನೆರವು ನೀಡುವ ಆದೇಶಕ್ಕೆ ಸಹಿ ಹಾಕಿದ್ದರು. ಸೋವಿಯತ್ ಆಕ್ರಮಣದ ನಂತರ ಹಣ ಮತ್ತು ಶಸ್ತ್ರ ಹೊಳೆಯಾಗಿ ಹರಿಯಿತು. ಅಮೆರಿಕ ಕೊಟ್ಟಷ್ಟೇ ಮೊತ್ತವನ್ನು ಸೌದಿ ಅರೇಬಿಯವೂ ಕೊಟ್ಟಿತು. ಹಂಚುವ ಕೆಲಸ ಪಾಕಿಸ್ತಾನದ ಐಎಸ್‌ಐ ಕೈಯಲ್ಲಿತ್ತು. 1983ರಲ್ಲಿ ಅಧ್ಯಕ್ಷ ರೇಗನ್ ಮುಜಾಹಿದ್ ಮುಖಂಡರನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಿಸಿದರು. 1989ರ ಫೆಬ್ರವರಿ 15ರಂದು ಕೊನೆಯ ಸೋವಿಯತ್ ಸೈನಿಕ ಅಫ್ಘಾನಿಸ್ತಾನ ಬಿಟ್ಟ. ಕೆಲಸ ಮುಗಿಯಿತೆಂದು ಅಮೆರಿಕವೂ ಬೆನ್ನು ತಿರುಗಿಸಿತು. ಹಾಳುಬಿದ್ದ ಊರುಗಳು, ಅನಾಥ ಮಕ್ಕಳು, ಲೆಕ್ಕವಿಲ್ಲದಷ್ಟು ಬಂದೂಕುಗಳು ಅಲ್ಲೇ ಉಳಿದವು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬಿನ್ ಲಾದೆನ್‌ಗೆ ಅಮೆರಿಕವೇ ಸಂಬಳ ಕೊಟ್ಟು ಸಾಕಿತು ಎಂಬ ಮಾತು ನಮ್ಮ ಕಡೆ ಬಹಳ ಜನಪ್ರಿಯ. ಅದಕ್ಕೆ ಪುರಾವೆಯಿಲ್ಲ. ಅರಬ್ ಸ್ವಯಂಸೇವಕರಿಗೆ ಅವರದೇ ಹಣದ ಮೂಲಗಳಿದ್ದವು. ಆದರೆ ಗುಲ್ಬುದ್ದೀನ್ ಹಿಕ್ಮತ್ಯಾರ್ ಮತ್ತು ಜಲಾಲುದ್ದೀನ್ ಹಖ್ಖಾನಿಯಂಥ ನಾಯಕರಿಗೆ ಅಮೆರಿಕದ ನೆರವು ಸಿಕ್ಕಿದ್ದು ನಿಜ. 2003ರಲ್ಲಿ ಹಿಕ್ಮತ್ಯಾರ್‌ನನ್ನೂ 2012ರಲ್ಲಿ ಹಖ್ಖಾನಿ ಜಾಲವನ್ನೂ ಅದೇ ಅಮೆರಿಕ ಭಯೋತ್ಪಾದಕರ ಪಟ್ಟಿಗೆ ಸೇರಿಸಿತು. ಒಂದು ಕಾಲದ ವೀರರು ಇನ್ನೊಂದು ಕಾಲಕ್ಕೆ ದಹಶತ್‌ಗರ್ದರಾದರು. ಅವರು ಮೊದಲೂ ದೇವದೂತರಾಗಿರಲಿಲ್ಲ. ಬದಲಾದದ್ದು ಶತ್ರು ಯಾರೆಂಬ ಲೆಕ್ಕ ಅಷ್ಟೆ.

ಸೋದರಳಿಯ ಮತ್ತು ಮಾವ

ಭಯೋತ್ಪಾದನೆ ಒಂದು ಅಪರಾಧವೇ, ಯುದ್ಧವೇ? ಅಮೆರಿಕದ ಎಲ್ಲ ಚರ್ಚೆಗಳೂ ಕೊನೆಗೆ ಈ ಪ್ರಶ್ನೆಗೇ ಬಂದು ನಿಲ್ಲುತ್ತವೆ. ಅಪರಾಧವಾದರೆ ಪೊಲೀಸರು, ಸಾಕ್ಷ್ಯ, ನ್ಯಾಯಾಲಯ. ಯುದ್ಧವಾದರೆ ಸೈನ್ಯ, ಬಾಂಬು, ಸೆರೆಶಿಬಿರ.

1993ರ ಫೆಬ್ರವರಿ 26ರಂದು ವರ್ಲ್ಡ್ ಟ್ರೇಡ್ ಸೆಂಟರಿನ ನೆಲಮಾಳಿಗೆಯಲ್ಲಿ ಬಾಂಬ್ ಸಿಡಿದು ಆರು ಜನ ಸತ್ತರು. ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ಅದರ ಮುಖ್ಯ ರೂವಾರಿ ರಂಝಿ ಯೂಸುಫ್‌ನನ್ನು 1995ರಲ್ಲಿ ಇಸ್ಲಾಮಾಬಾದಿನಲ್ಲಿ ಹಿಡಿಯಲಾಯಿತು. ನ್ಯೂಯಾರ್ಕಿನ ಸಾಮಾನ್ಯ ನ್ಯಾಯಾಲಯದಲ್ಲೇ ವಿಚಾರಣೆ ನಡೆದು, 1998ರ ಜನವರಿಯಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಕೃತ್ಯ ನಡೆದು ಐದು ವರ್ಷಗಳೊಳಗೆ ನ್ಯಾಯ ಮುಗಿದಿತ್ತು.

ಅವನ ಸೋದರಮಾವ ಖಾಲಿದ್ ಶೇಖ್ ಮುಹಮ್ಮದ್, 2001ರ ದಾಳಿಯ ಸಂಚುಗಾರ. 2003ರ ಮಾರ್ಚ್‌ನಲ್ಲಿ ರಾವಲ್ಪಿಂಡಿಯಲ್ಲಿ ಸಿಕ್ಕಿಬಿದ್ದ. ಅವನನ್ನು ನ್ಯಾಯಾಲಯಕ್ಕೆ ಒಯ್ಯಲಿಲ್ಲ, ಸಿಐಎಯ ಗುಪ್ತ ಸೆರೆಮನೆಗಳಿಗೆ ಒಯ್ದರು. ಮುಖಕ್ಕೆ ಬಟ್ಟೆ ಹೊದಿಸಿ ನೀರು ಸುರಿದು ಉಸಿರುಗಟ್ಟಿಸುವ ಹಿಂಸೆಗೆ 183 ಬಾರಿ ಗುರಿಪಡಿಸಿದರು. 2006ರಲ್ಲಿ ಗ್ವಾಂಟನಾಮೊಗೆ ಸಾಗಿಸಿದರು. ಹಿಂಸೆಯಿಂದ ಪಡೆದ ಮಾತು ಸಾಕ್ಷ್ಯವಾಗಬಹುದೇ ಎಂಬ ವಾದದಲ್ಲೇ ವರ್ಷಗಳು ಕಳೆದವು. ದಾಳಿ ನಡೆದು ಎರಡು ದಶಕ ಉರುಳಿದರೂ ಅವನ ಪೂರ್ಣ ವಿಚಾರಣೆ ಆರಂಭವಾಗಲಿಲ್ಲ. 2024ರಲ್ಲಿ ತಪ್ಪೊಪ್ಪಿಗೆಯ ಒಪ್ಪಂದವೊಂದಾಯಿತು, ಕೆಲವೇ ದಿನಗಳಲ್ಲಿ ಸರಕಾರವೇ ಅದನ್ನು ಹಿಂತೆಗೆದುಕೊಂಡಿತು.

ಸೋದರಳಿಯನಿಗೆ ಕಾನೂನು ಶಿಕ್ಷೆ ಕೊಟ್ಟಿತು. ಮಾವನ ವಿಷಯದಲ್ಲಿ ಕಾನೂನನ್ನು ಪಕ್ಕಕ್ಕಿಟ್ಟರು, ನ್ಯಾಯಕ್ಕಾಗಿ ಕಾದ ಸಾವಿರಾರು ಕುಟುಂಬಗಳ ಕೈ ಬರಿದಾಯಿತು. ಕಠಿಣ ಕ್ರಮವೆಂದರೆ ಕಾನೂನು ಮೀರಿದ ಕ್ರಮ ಎಂದು ನಂಬುವವರು ಈ ಇಬ್ಬರ ಕಥೆಯನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ತಿಳಿದಿದ್ದೂ ತಿಳಿಯದಂತೆ

1998ರ ಆಗಸ್ಟ್ 7ರಂದು ನೈರೋಬಿ ಮತ್ತು ದಾರೆಸ್ಸಲಾಮ್‌ನ ಅಮೆರಿಕನ್ ರಾಯಭಾರ ಕಚೇರಿಗಳ ಮೇಲೆ ಅಲ್‌ಖೈದಾ ದಾಳಿ ಮಾಡಿತು. ಸತ್ತ 224 ಜನರಲ್ಲಿ ಅಮೆರಿಕನ್ನರು ಹನ್ನೆರಡು ಮಂದಿ. ಉಳಿದ ಬಹುತೇಕರು ಆಫ್ರಿಕದ ಬಡವರು, ದಾರಿಹೋಕರು, ಕಚೇರಿ ನೌಕರರು. ಪ್ರತೀಕಾರವಾಗಿ ಅಧ್ಯಕ್ಷ ಕ್ಲಿಂಟನ್ ಅಫ್ಘಾನಿಸ್ತಾನದ ಶಿಬಿರಗಳ ಮೇಲೂ ಸುಡಾನಿನ ಅಲ್‌ಶಿಫಾ ಔಷಧ ಕಾರ್ಖಾನೆಯ ಮೇಲೂ ಕ್ಷಿಪಣಿ ಹಾರಿಸಿದರು. ಅಲ್ಲಿ ರಾಸಾಯನಿಕ ಅಸ್ತ್ರ ತಯಾರಾಗುತ್ತಿತ್ತೆಂಬ ಆರೋಪ ಸಾಬೀತಾಗಲಿಲ್ಲ. ಬಿನ್ ಲಾದೆನ್ ಪಾರಾದ, ಒಂದು ಬಡ ದೇಶ ತನ್ನ ಔಷಧ ಕಾರ್ಖಾನೆಯನ್ನು ಕಳೆದುಕೊಂಡಿತು.

2001ರ ದಾಳಿಯನ್ನು ತಡೆಯಬಹುದಾಗಿತ್ತೇ? ತನಿಖಾ ಆಯೋಗ 2004ರ ಜುಲೈನಲ್ಲಿ ನೀಡಿದ ವರದಿ ಈ ಬಗ್ಗೆ ಕಣ್ಣು ತೆರೆಸುವಂತಿದೆ. ವಿಮಾನ ಅಪಹರಿಸಿದ ಹತ್ತೊಂಬತ್ತು ಜನರಲ್ಲಿ ಇಬ್ಬರು 2000ದ ಜನವರಿಯಲ್ಲಿ ಮಲೇಷ್ಯಾದಲ್ಲಿ ನಡೆದ ಅಲ್‌ಖೈದಾ ಸಭೆಯಲ್ಲಿದ್ದದ್ದು ಸಿಐಎಗೆ ಗೊತ್ತಿತ್ತು. ಅವರನ್ನು ನಿಗಾ ಪಟ್ಟಿಗೆ ಸೇರಿಸಿದ್ದು 2001ರ ಆಗಸ್ಟ್ ಕೊನೆಯಲ್ಲಿ. ಅಷ್ಟರಲ್ಲಿ ಅವರು ಅಮೆರಿಕದೊಳಗೇ ಇದ್ದರು. ಬಿನ್ ಲಾದೆನ್ ಅಮೆರಿಕದೊಳಗೆ ದಾಳಿ ಮಾಡಲು ನಿಶ್ಚಯಿಸಿದ್ದಾನೆಂಬ ಟಿಪ್ಪಣಿ ಆಗಸ್ಟ್ 6ರಂದೇ ಅಧ್ಯಕ್ಷ ಬುಷ್ ಅವರಿಗೆ ತಲುಪಿತ್ತು. ಅಂದರೆ ಕೊರತೆಯಿದ್ದದ್ದು ಹೊಸ ಕಾನೂನುಗಳದ್ದಲ್ಲ. ಕೈಯಲ್ಲಿದ್ದ ಮಾಹಿತಿಯನ್ನು ಒಂದು ಇಲಾಖೆ ಇನ್ನೊಂದಕ್ಕೆ ಹೇಳಲಿಲ್ಲ.

ಈ ಕೊರತೆಯನ್ನು ತುಂಬುವ ಕೆಲಸವೂ ನಡೆಯಿತೆಂದು ಒಪ್ಪಲೇಬೇಕು. ಇಪ್ಪತ್ತೆರಡು ಸಂಸ್ಥೆಗಳನ್ನು ಒಟ್ಟುಗೂಡಿಸಿ ಆಂತರಿಕ ಭದ್ರತೆಗೆ ಹೊಸ ಇಲಾಖೆ ರಚಿಸಿದರು. ಗುಪ್ತಚರ ಸಂಸ್ಥೆಗಳ ಮೇಲೆ ಒಬ್ಬ ನಿರ್ದೇಶಕನನ್ನು ನೇಮಿಸಿದರು. ವಿಮಾನದ ಚಾಲಕರ ಕೋಣೆಯ ಬಾಗಿಲನ್ನು ಭದ್ರಪಡಿಸಿದರು. ಈ ಸಾದಾ ಬಾಗಿಲಿನಿಂದ ಯಾರ ಮನೆಯೂ ಸುಡಲಿಲ್ಲ, ಯಾರ ಮಾನವೂ ಹೋಗಲಿಲ್ಲ. ಆದರೆ ಸರಕಾರ ಇಷ್ಟಕ್ಕೇ ನಿಲ್ಲಲಿಲ್ಲ.

ನೆಗಡಿಗೆ ಮೂಗು ಕೊಯ್ದಂತೆ

ದಾಳಿಯಾದ ಮೂರೇ ದಿನಕ್ಕೆ ಬಲಪ್ರಯೋಗಕ್ಕೆ ಒಪ್ಪಿಗೆ ನೀಡುವ ಪುಟ್ಟ ನಿರ್ಣಯವೊಂದು ಸಂಸತ್ತಿನ ಮುಂದೆ ಬಂತು. ಕೆಳಮನೆಯಲ್ಲಿ ಪರವಾಗಿ 420 ಮತ, ವಿರೋಧವಾಗಿ ಒಂದೇ ಒಂದು. ಆ ಒಂದು ಮತ ಕ್ಯಾಲಿಫೋರ್ನಿಯದ ಬಾರ್ಬರಾ ಲೀ ಎಂಬ ಕಪ್ಪು ಮಹಿಳೆಯದ್ದು. ಯುದ್ಧಕ್ಕೆ ಗಡಿಯೂ ಗಡುವೂ ಇಲ್ಲದಂತಾಗುತ್ತದೆ ಎಂಬುದು ಅವರ ಆತಂಕ. ಅವರಿಗೆ ಕೊಲೆ ಬೆದರಿಕೆಗಳು ಬಂದವು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅದೇ ನಿರ್ಣಯದ ಆಧಾರದ ಮೇಲೆ ಅಫ್ಘಾನಿಸ್ತಾನದಿಂದ ಯೆಮೆನ್, ಸೊಮಾಲಿಯದವರೆಗೆ ಬಾಂಬುಗಳು ಬಿದ್ದವು.

ದೇಶದೊಳಗೆ 762 ವಲಸಿಗರನ್ನು ದಾಳಿಯ ತನಿಖೆಯ ಹೆಸರಲ್ಲಿ ಬಂಧಿಸಿಟ್ಟು ಅನೇಕರನ್ನು ತಿಂಗಳುಗಟ್ಟಲೆ ಕೊಳೆಸಿದರು. ಇದನ್ನು ನ್ಯಾಯಾಂಗ ಇಲಾಖೆಯದೇ ಮಹಾನಿರೀಕ್ಷಕರು 2003ರಲ್ಲಿ ಖಂಡಿಸಿದರು. 25 ದೇಶಗಳ ಪುರುಷರು ಕಚೇರಿಗೆ ಬಂದು ಬೆರಳಚ್ಚು ಕೊಡಬೇಕೆಂಬ ‘ವಿಶೇಷ ನೋಂದಣಿ’ ಜಾರಿಗೆ ಬಂತು. ಉತ್ತರ ಕೊರಿಯವೊಂದನ್ನು ಬಿಟ್ಟರೆ ಉಳಿದ 24 ಮುಸ್ಲಿಂ ಬಹುಸಂಖ್ಯಾತ ದೇಶಗಳು. 80,000ಕ್ಕೂ ಹೆಚ್ಚು ಜನ ಸಾಲಿನಲ್ಲಿ ನಿಂತರು. ಭಯೋತ್ಪಾದನೆಯ ಆರೋಪದಲ್ಲಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ.

ನ್ಯೂಯಾರ್ಕ್ ಪೊಲೀಸರು ಮುಸ್ಲಿಮರ ಹೋಟೆಲು, ಅಂಗಡಿ, ಮಸೀದಿಗಳಿಗೆ ಮಾರುವೇಷದ ಬೇಹುಗಾರರನ್ನು ಕಳಿಸುತ್ತಿದ್ದುದು 2011ರಲ್ಲಿ ಬಯಲಾಯಿತು. ಮರುವರ್ಷ ಹಿರಿಯ ಅಧಿಕಾರಿಯೊಬ್ಬರು ಪ್ರಮಾಣ ಮಾಡಿ ಹೇಳಿಕೆ ಕೊಡುವಾಗ, ಒಂದು ಹೋಟೆಲಿನಲ್ಲಿ ಜನ ಉರ್ದು ಮಾತಾಡುತ್ತಿದ್ದದ್ದೂ ದಾಖಲಿಸಬೇಕಾದ ಮಾಹಿತಿಯೇ ಎಂದರು. ಅಂಥ ಜಾಗ ಭಯೋತ್ಪಾದಕನಿಗೆ ಹಿತವೆನಿಸಬಹುದು ಎಂಬುದು ಅವರ ತರ್ಕ. ತಾವು ಆ ಹುದ್ದೆಯಲ್ಲಿದ್ದ ವರ್ಷಗಳಲ್ಲಿ ಈ ಘಟಕದ ಕೆಲಸದಿಂದ ಒಂದೇ ಒಂದು ಸುಳಿವೂ ಸಿಗಲಿಲ್ಲವೆಂದು ಅವರೇ ಒಪ್ಪಿದರು. 2014ರಲ್ಲಿ ಆ ಘಟಕವನ್ನು ಮುಚ್ಚಿದರು. ಮನೆಯಲ್ಲಿ ಅಮ್ಮನ ಜೊತೆ ಆಡುವ ಭಾಷೆ, ಮೀರ್, ಗಾಲಿಬ್, ಪ್ರೇಮಚಂದ್ ಬರೆದ ಭಾಷೆ ಪೊಲೀಸ್ ಟಿಪ್ಪಣಿಯಲ್ಲಿ ಗುರುತಾಗಿ ದಾಖಲಾಗುವುದೆಂದರೆ ಏನೆಂಬುದನ್ನು ಆ ಭಾಷೆಯಲ್ಲಿ ಅಕ್ಷರ ಕಲಿತ ನಾವು ಬಲ್ಲೆವು.

ಗ್ವಾಂಟನಾಮೊ ಶಿಬಿರಕ್ಕೆ 2002ರ ಜನವರಿ 11ರಿಂದ ಒಟ್ಟು ಸುಮಾರು 780 ಜನರನ್ನು ತಂದರು. ಬಹುಪಾಲು ಮಂದಿಯನ್ನು ಯಾವ ಆರೋಪವನ್ನೂ ಹೊರಿಸದೆ ಬಿಟ್ಟರು. 2025ರ ಜನವರಿಯಲ್ಲಿ ಅಲ್ಲಿ ಉಳಿದವರು 15. ಸೆನೆಟ್ ಸಮಿತಿ 2014ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಿಐಎಯ ಗುಪ್ತ ಸೆರೆಮನೆಗಳಲ್ಲಿದ್ದ 119 ಜನರಲ್ಲಿ ಕನಿಷ್ಠ 26 ಮಂದಿಯನ್ನು ಹಿಡಿದದ್ದೇ ತಪ್ಪು. ಹಿಂಸೆಯಿಂದ ಉಪಯುಕ್ತ ಮಾಹಿತಿ ಸಿಕ್ಕಿತೆಂಬ ಸಿಐಎಯ ವಾದವನ್ನೂ ಸಮಿತಿ ತಳ್ಳಿಹಾಕಿತು. ಅಮೆರಿಕದ ಸುಪ್ರೀಂ ಕೋರ್ಟ್ 2004ರಲ್ಲೂ 2008ರಲ್ಲೂ ಈ ಕೈದಿಗಳಿಗೆ ನ್ಯಾಯಾಲಯದ ಬಾಗಿಲು ತೆರೆಯಿತು. ತನ್ನ ಸರಕಾರದ ತಪ್ಪನ್ನು ತಾನೇ ಬಯಲಿಗೆಳೆಯುವ ಪತ್ರಕರ್ತರು, ವಕೀಲರು, ಸೆನೆಟರುಗಳು ಆ ದೇಶದಲ್ಲೇ ಇದ್ದರು ಎಂಬುದನ್ನು ಮರೆತರೆ ನಾವೂ ಅನ್ಯಾಯ ಮಾಡಿದಂತೆ.

ಪೋಲಿಯೊ ಹನಿ

2003ರ ಮಾರ್ಚ್‌ನಲ್ಲಿ ಅಮೆರಿಕ ಇರಾಕಿನ ಮೇಲೆ ಯುದ್ಧ ಸಾರಿತು. ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂದರು, ಸಿಗಲಿಲ್ಲ. ಮೇ ತಿಂಗಳಲ್ಲಿ ಇರಾಕಿ ಸೇನೆಯನ್ನೇ ವಿಸರ್ಜಿಸಿದರು. ಕೈಯಲ್ಲಿ ಬಂದೂಕು, ಹೊಟ್ಟೆಯಲ್ಲಿ ಹಸಿವು, ಎದೆಯಲ್ಲಿ ಅವಮಾನ ಹೊತ್ತ ಲಕ್ಷಾಂತರ ಸೈನಿಕರು ಬೀದಿಗೆ ಬಿದ್ದರು. ಮುಂದೆ ಐಸಿಸ್ ಎಂಬ ಕ್ರೂರ ಪಡೆಯಲ್ಲಿ ಆ ಸೇನೆಯ ಹಳೆಯ ಅಧಿಕಾರಿಗಳು ಪ್ರಮುಖ ಪಾತ್ರ ವಹಿಸಿದರು. 2014ರ ಜೂನ್‌ನಲ್ಲಿ ಮೊಸುಲ್ ನಗರ ಅವರ ವಶವಾಯಿತು. ಅವರು ಕೊಂದವರಲ್ಲಿ ಯಜೀದಿಗಳು, ಕ್ರೈಸ್ತರ ಜೊತೆ ಅಸಂಖ್ಯ ಮುಸ್ಲಿಮರೂ ಇದ್ದರು. ಭಯೋತ್ಪಾದನೆಯನ್ನು ಮುಗಿಸಲು ಹೊರಟ ಯುದ್ಧ ಅದಕ್ಕಿಂತ ಭೀಕರವಾದ ಇನ್ನೊಂದಕ್ಕೆ ಹಾದಿ ಮಾಡಿಕೊಟ್ಟಿತು.

2011ರ ಮೇ 2ರಂದು ಅಬೋಟ್ಟಾಬಾದಿನಲ್ಲಿ ಬಿನ್ ಲಾದೆನ್ ಹತನಾದ. ಅವನಿಗಾಗಿ ಕಣ್ಣೀರು ಸುರಿಸಬೇಕಾದ್ದೇನೂ ಇಲ್ಲ. ಆದರೆ ಅವನ ಗುರುತು ಪತ್ತೆಗಾಗಿ ಸಿಐಎ ಆ ಊರಿನಲ್ಲಿ ಲಸಿಕೆ ಕಾರ್ಯಕ್ರಮವೊಂದನ್ನು ಮರೆಯಾಗಿ ಬಳಸಿಕೊಂಡದ್ದು ಆ ಜುಲೈನಲ್ಲಿ ಹೊರಬಿತ್ತು. ಲಸಿಕೆ ಹಾಕುವವರು ಬೇಹುಗಾರರೆಂಬ ಹಳೆಯ ಗಾಳಿಸುದ್ದಿಗೆ ಪುರಾವೆ ಸಿಕ್ಕಂತಾಯಿತು. 2012ರಲ್ಲಿ ಉತ್ತರ ವಜೀರಿಸ್ತಾನದ ತಾಲಿಬಾನ್ ನಾಯಕನೊಬ್ಬ ಪೋಲಿಯೊ ಹನಿಯನ್ನೇ ನಿಷೇಧಿಸಿದ. ಆ ಡಿಸೆಂಬರ್‌ನಲ್ಲಿ ಮನೆಮನೆಗೆ ಹೋಗಿ ಹನಿ ಹಾಕುತ್ತಿದ್ದ ಹೆಣ್ಣುಮಕ್ಕಳನ್ನು ಗುಂಡಿಟ್ಟು ಕೊಂದರು. ಕೊಂದ ಪಾಪ ಕೊಂದವರದ್ದೇ. ಆದರೆ ನಂಬಿಕೆಯನ್ನು ಒಡೆದವರೂ ಹೊಣೆಯಿಂದ ಪಾರಾಗಲಾರರು. 2012ರಲ್ಲಿ 58 ಇದ್ದ ಪಾಕಿಸ್ತಾನದ ಪೋಲಿಯೊ ಪ್ರಕರಣಗಳು 2014ರಲ್ಲಿ 306ಕ್ಕೇರಿದವು. ಅದೇ ವರ್ಷ, ಇನ್ನು ಮುಂದೆ ಲಸಿಕೆ ಕಾರ್ಯಕ್ರಮವನ್ನು ಬೇಹುಗಾರಿಕೆಗೆ ಬಳಸುವುದಿಲ್ಲವೆಂದು ಶ್ವೇತಭವನ ಮಾತು ಕೊಟ್ಟಿತು. ಕುಂಟುತ್ತಾ ನಡೆಯುವ ಮಗುವಿಗೆ ಆ ಮಾತಿನಿಂದ ಏನು ಬಂತು?

ನಮ್ಮೂರಿನ ವೈದ್ಯ

ಈ ಸಮರದ ನೆರಳು ಕರ್ನಾಟಕದ ಮೇಲೂ ಬಿತ್ತು. 2001ರ ನಂತರ ಅಮೆರಿಕದ ಮಿತ್ರ ದೇಶಗಳೂ ಬಿಗಿ ಕಾನೂನುಗಳನ್ನು ತಂದವು. 2007ರ ಜುಲೈ 2ರಂದು, ಆಗಷ್ಟೇ ಹುಟ್ಟಿದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಿದ್ದ ಡಾ. ಮುಹಮ್ಮದ್ ಹನೀಫ್ ಅವರನ್ನು ಆಸ್ಟ್ರೇಲಿಯದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಿದರು. ಬ್ರಿಟನ್ನಿನಲ್ಲಿದ್ದ ಸಂಬಂಧಿಕನಿಗೆ ಅವರು ಬಿಟ್ಟು ಬಂದಿದ್ದ ಸಿಮ್ ಕಾರ್ಡೇ ಅಪರಾಧವಾಯಿತು. ಆ ಸಿಮ್ ಗ್ಲಾಸ್ಗೋ ದಾಳಿಯ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಿದರು. ಅದು ಸುಳ್ಳಾಗಿತ್ತು. ಆರೋಪವಿಲ್ಲದೆ ಹನ್ನೆರಡು ದಿನ ಇಟ್ಟುಕೊಂಡು, ಆಮೇಲೆ ಆರೋಪ ಹೊರಿಸಿ, ಜುಲೈ 27ರಂದು ಕೈಬಿಟ್ಟರು. 2008ರಲ್ಲಿ ತನಿಖೆಯೊಂದು ಅವರ ವಿರುದ್ಧ ಪುರಾವೆಯೇ ಇರಲಿಲ್ಲವೆಂದಿತು. 2010ರಲ್ಲಿ ಪರಿಹಾರ ಸಿಕ್ಕಿತು.

ಆದರೆ ಇನ್ನೊಂದು ಸತ್ಯವನ್ನೂ ನಾವು ನುಂಗಿಕೊಳ್ಳಬಾರದು. ಗ್ಲಾಸ್ಗೋದಲ್ಲಿ ಉರಿಯುವ ಜೀಪನ್ನು ವಿಮಾನ ನಿಲ್ದಾಣಕ್ಕೆ ನುಗ್ಗಿಸಿದ ಇಂಜಿನಿಯರ್ ಕಫೀಲ್ ಅಹ್ಮದ್ ಕೂಡ ಬೆಂಗಳೂರಿನವನೇ, ಹನೀಫರ ಸಂಬಂಧಿಕನೇ. ಒಂದೇ ಕುಟುಂಬದ ಬಳಗದಲ್ಲಿ ಒಬ್ಬ ಅಪರಾಧಿ, ಇನ್ನೊಬ್ಬ ನಿರಪರಾಧಿ. ಇಬ್ಬರನ್ನೂ ಬೇರೆ ಬೇರೆಯಾಗಿ ನೋಡುವುದೇ ಕಾನೂನಿನ ಕೆಲಸ. ಅಪರಾಧಿಯನ್ನು ಅಪರಾಧಿಯೆಂದು ಕರೆಯುವ ಧೈರ್ಯ ನಮಗೂ ಇರಬೇಕು.

ಆ ಧೈರ್ಯಕ್ಕೆ ಒಂದು ಉದಾಹರಣೆ. 2009ರ ನವೆಂಬರ್‌ನಲ್ಲಿ ನೈಜೀರಿಯದ ಮುಸ್ಲಿಂ ತಂದೆಯೊಬ್ಬರು ಅಬುಜಾದ ಅಮೆರಿಕನ್ ರಾಯಭಾರ ಕಚೇರಿಗೆ ತಾವಾಗಿ ಹೋದರು. ಮಗ ಉಗ್ರರ ಸಹವಾಸಕ್ಕೆ ಬಿದ್ದಿದ್ದಾನೆ, ಜೋಪಾನ ಎಂದು ತಿಳಿಸಿದರು. ಹೆತ್ತ ಕರುಳು ಇಂಥ ಮಾತನ್ನು ಹೇಗೆ ಆಡಿತೋ! ಆದರೂ ಆ ಮಗನ ಹೆಸರು ವಿಮಾನ ಹತ್ತಬಾರದವರ ಪಟ್ಟಿಗೆ ಸೇರಲಿಲ್ಲ. ಡಿಸೆಂಬರ್ 25ರಂದು ಅವನು ಡೆಟ್ರಾಯಿಟ್‌ಗೆ ಹೊರಟ ವಿಮಾನದಲ್ಲಿ ಒಳಉಡುಪಿನಲ್ಲಿ ಬಾಂಬ್ ಅಡಗಿಸಿಕೊಂಡು ಕುಳಿತಿದ್ದ. ಬಾಂಬ್ ಸರಿಯಾಗಿ ಸಿಡಿಯಲಿಲ್ಲ, ಪ್ರಯಾಣಿಕರು ಅವನನ್ನು ಹಿಡಿದರು. ಲಕ್ಷಾಂತರ ಜನರ ಫೋನು ಕದ್ದು ಕೇಳಿದರೂ ಸಿಗದ ಸುಳಿವು ಒಬ್ಬ ತಂದೆಯ ನಂಬಿಕೆಯಿಂದ ಬಾಗಿಲಿಗೇ ಬಂದಿತ್ತು. ನಾಳೆ ತನ್ನನ್ನೂ ಹಿಡಿದು ಒಳಗೆ ಹಾಕುತ್ತಾರೆಂಬ ಭಯವಿದ್ದರೆ ಯಾವ ತಂದೆ ಆ ಬಾಗಿಲು ತಟ್ಟುತ್ತಾನೆ?

ಲೆಕ್ಕ

2021ರ ಆಗಸ್ಟ್ 15ರಂದು ತಾಲಿಬಾನ್ ಮತ್ತೆ ಕಾಬೂಲ್ ಪ್ರವೇಶಿಸಿತು. ಅಮೆರಿಕದ ಸೇನೆ ಹೊರಡುವ ಮುನ್ನಾದಿನ ಡ್ರೋನ್ ಹಾರಿಸಿ ಭಯೋತ್ಪಾದಕನನ್ನು ಕೊಂದೆವೆಂದಿತು. ಸತ್ತವರು ಒಬ್ಬ ನೆರವು ಕಾರ್ಯಕರ್ತ, ಅವನ ಮನೆಯವರು. ಹತ್ತು ಜನರಲ್ಲಿ ಏಳು ಮಕ್ಕಳು. ಮೂರು ವಾರಗಳೊಳಗೆ ಸೇನೆಯೇ ತಪ್ಪೊಪ್ಪಿಕೊಂಡಿತು. 2001ರ ನಂತರದ ಯುದ್ಧಗಳಲ್ಲಿ ನೇರವಾಗಿ ಸತ್ತವರು ಸುಮಾರು ಒಂಬತ್ತು ಲಕ್ಷ, ಅಮೆರಿಕದ ಖರ್ಚು ಎಂಟು ಲಕ್ಷ ಕೋಟಿ ಡಾಲರ್ ಎಂದು ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಆ ವರ್ಷ ಅಂದಾಜು ಮಾಡಿದರು.

2001ರಂಥ ದಾಳಿ ಅಮೆರಿಕದಲ್ಲಿ ಮತ್ತೆ ನಡೆಯಲಿಲ್ಲ, ಇದು ಸಣ್ಣ ಮಾತಲ್ಲ. ಆದರೆ 2017ರಲ್ಲಿ ಕೆಲವು ಮುಸ್ಲಿಂ ದೇಶಗಳವರಿಗೆ ಬಾಗಿಲು ಮುಚ್ಚುವ ಆದೇಶ ಬಂತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ ಕೊರೆಮಾತ್ಸು ತೀರ್ಪು ತಪ್ಪಾಗಿತ್ತೆಂದೂ ಹೇಳಿತು! 2021ರಲ್ಲಿ ರದ್ದಾದ ಆ ನಿರ್ಬಂಧ 2025ರ ಜೂನ್‌ನಲ್ಲಿ ಹೊಸ ದೇಶಗಳ ಪಟ್ಟಿಯೊಂದಿಗೆ ಮರಳಿ ಬಂತು. ಹಳೆಯ ತಪ್ಪನ್ನು ತಪ್ಪೆನ್ನುವುದು ಸುಲಭ, ಇಂದಿನ ತಪ್ಪನ್ನು ಕಾಣುವುದೇ ಕಷ್ಟ.

ಸಲ್ಮಾನನ ಊರಾದ ಬೇಸೈಡಿನಲ್ಲಿ 2014ರಲ್ಲಿ ಒಂದು ರಸ್ತೆಗೆ ಅವನ ಹೆಸರಿಟ್ಟರು. ಆದರೆ ಗೋಪುರಗಳಿದ್ದ ಜಾಗದ ಸ್ಮಾರಕದಲ್ಲಿ ಅವನ ಹೆಸರು ರಕ್ಷಣೆಗೆ ಧಾವಿಸಿ ಮಡಿದ ಪೊಲೀಸರ ಸಾಲಿನಲ್ಲಿಲ್ಲ, ಬೇರೆ ಕಡೆ ಇದೆ. ಕೆಡೆಟ್ ಮಾತ್ರ ಎಂಬುದು ಕಾರಣ. ಅದನ್ನು ಸರಿಯಾದ ಸಾಲಿಗೆ ಸೇರಿಸಿ ಎಂದು ಅವನ ತಾಯಿ ವರ್ಷಗಳ ಕಾಲ ಕೇಳಿಕೊಂಡರು. ತಾಯಿ ಕೇಳಿದ್ದು ಹಣವಲ್ಲ, ಮಗನ ಹೆಸರಿಗೆ ಸಲ್ಲಬೇಕಾದ ಜಾಗ. ಒಂದು ದೇಶ ತನ್ನ ಪ್ರಜೆಯ ಹೆಸರನ್ನು ಯಾವ ಸಾಲಿನಲ್ಲಿ ಬರೆಯುತ್ತದೆ ಎಂಬುದರ ಮೇಲೆ ಆ ದೇಶದ ಭದ್ರತೆಯೂ ನಿಂತಿದೆ ಎಂದೇ ನಮ್ಮ ನಂಬಿಕೆ.